ಶಿಂಚಾ ಮಾಡುವಾಗ ಘಮ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ

ಜಪಾನಿನ ಹಸಿರು ಚಹಾ ಹೇಗೆ ಮಾಡಬೇಕು ಅಂತ ಯಾರನ್ನೇ ಕೇಳಿ, ಮೊದಲು ಹೇಳುವುದು ಒಂದೇ ಮಾತು. ನೀರು ಜಾಸ್ತಿ ಬಿಸಿ ಇರಬಾರದು, 70 ಡಿಗ್ರಿ ಸಾಕು, 60 ಆದರೆ ಇನ್ನೂ ಒಳ್ಳೆಯದು. ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಈ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಶಿಂಚಾ ಬೇರೆ. ಅದು ಆ ವರ್ಷದ ಮೊದಲ ಕೊಯ್ಲಿನ ಹೊಸ ಚಹಾ. ಅದರಲ್ಲಿ ನಾವು ದುಡ್ಡು ಕೊಡುವುದು ಘಮಕ್ಕೆ. ರುಚಿ ಎಲ್ಲಿಗೂ ಓಡಿಹೋಗುವುದಿಲ್ಲ, ಸರಿಯಾಗಿ ಇಟ್ಟರೆ ಅದೇ ಎಲೆ ಶರತ್ಕಾಲದಲ್ಲೂ ಸೊಗಸಾದ ರುಚಿ ಕೊಡುತ್ತದೆ. ಘಮ ಮಾತ್ರ ಕಾಯುವುದಿಲ್ಲ. ತಣಿದ ನೀರಿನಲ್ಲಿ ಅದು ಮೇಲೆ ಏಳುವುದೂ ಕಷ್ಟ.

ನಾನು ಇರುವುದು ಶಿಜುವೊಕಾ ನಗರದಲ್ಲಿ. ಚಹಾ ವ್ಯಾಪಾರಿಗಳ ಹಳೆಯ ಬೀದಿಯಾದ ಚಾಮಾಚಿಗೆ ಮನೆಯಿಂದ ಸೈಕಲ್‌ನಲ್ಲೇ ಹೋಗಬಹುದು. ಏಪ್ರಿಲ್ ಮಧ್ಯದ ಹೊತ್ತಿಗೆ ಇಲ್ಲಿನ ಚಹಾ ಮಾರುಕಟ್ಟೆಯಲ್ಲಿ ಹೊಸ ಎಲೆಯ ಮೊದಲ ವಹಿವಾಟು ನಡೆಯುತ್ತದೆ. ಆಮೇಲೆ ಕೆಲವು ವಾರ ಆ ಬೀದಿಯ ಗಾಳಿಯಲ್ಲೇ ಚಹಾ ಇರುತ್ತದೆ. ವ್ಯಾಪಾರಿಗಳು ಹಿಂದಿನ ಕೋಣೆಗಳಲ್ಲಿ ಎಲೆಯನ್ನು ಕೊನೆಯ ಸಲ ಬೆಚ್ಚಗೆ ಮಾಡಿ ಒಣಗಿಸುತ್ತಿರುತ್ತಾರೆ. ಇಲ್ಲಿನ ಅಂಗಡಿಯವರು ಎದುರಿಗೇ ಚಹಾ ಮಾಡಿ ಕೊಡುವಾಗ ನೋಡಿ ಕಲಿತದ್ದು, ಮನೆಯಲ್ಲಿ ಮಾಡಿ ನೋಡಿ ತಿಳಿದದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲ ಕೊಯ್ಲು ಯಾಕೆ ಬೇರೆ

ಚಹಾ ಗಿಡ ಚಳಿಗಾಲವಿಡೀ ಸುಮ್ನೆ ನಿಂತಂತೆ ಕಾಣುತ್ತದೆ. ಬೇರು ಮಾತ್ರ ಕೆಲಸ ಮಾಡುತ್ತಿರುತ್ತದೆ. ಮಣ್ಣಿನ ಸಾರಜನಕದಿಂದ ಅದು ಥಿಯಾನಿನ್ ಅನ್ನುವ ಅಮೈನೊ ಆಮ್ಲ ತಯಾರಿಸುತ್ತದೆ. ವಸಂತ ಬಂದಾಗ ಅದು ಚಿಗುರಿಗೆ ಏರುತ್ತದೆ. ಬಾಯಿಗೆ ಸಿಗುವ ಆ ದಪ್ಪನೆಯ ಸಿಹಿ, ಉಮಾಮಿ, ಹೆಚ್ಚಾಗಿ ಇದರಿಂದಲೇ. ಎಲೆಗೆ ಬಿಸಿಲು ಬಿದ್ದಂತೆಲ್ಲ ಥಿಯಾನಿನ್ ಒಡೆದು ಕ್ಯಾಟೆಚಿನ್ ಆಗುತ್ತಾ ಹೋಗುತ್ತದೆ. ಒಗರು ಬರುವುದು ಕ್ಯಾಟೆಚಿನ್‌ನಿಂದ. ಎರಡನೇ ಕೊಯ್ಲು ಜೂನ್, ಜುಲೈನಲ್ಲಿ. ಆ ಎಲೆ ಬಿಸಿಲಲ್ಲಿ ಬೇಗ ಬೇಗ ಬೆಳೆದಿರುತ್ತದೆ. ಹಾಗಾಗಿ ಅದರಲ್ಲಿ ಒಗರು ಜಾಸ್ತಿ, ಸಿಹಿ ಕಡಿಮೆ. ಒಂದೇ ತೋಟ, ಒಂದೇ ಗಿಡ, ಎರಡು ತಿಂಗಳ ಅಂತರ ಅಷ್ಟೇ.

ಕೊಯ್ಲು ದಕ್ಷಿಣದಿಂದ ಉತ್ತರಕ್ಕೆ ಏರುತ್ತದೆ. ತಾನೆಗಾಶಿಮಾ ದ್ವೀಪದಲ್ಲಿ ಮಾರ್ಚ್ ಕೊನೆಗೇ ಶುರು. ಏಪ್ರಿಲ್‌ನಲ್ಲಿ ಕಾಗೊಶಿಮಾ, ಆ ತಿಂಗಳ ಕೊನೆಯ ಹೊತ್ತಿಗೆ ಶಿಜುವೊಕಾ, ಮೇ ತಿಂಗಳಲ್ಲಿ ಉಜಿ ಮತ್ತು ಸಾಯಾಮಾ. ಹಳೆಯ ಪಂಚಾಂಗದಲ್ಲಿ ವಸಂತ ಶುರುವಾಗುವ ದಿನ ಫೆಬ್ರವರಿ 4ರ ಆಸುಪಾಸು. ಅಲ್ಲಿಂದ ಎಣಿಸಿದರೆ 88ನೇ ದಿನ ಮೇ 2ರ ಹೊತ್ತಿಗೆ ಬರುತ್ತದೆ. ಆ ದಿನ ಕಿತ್ತ ಎಲೆಯ ಚಹಾ ಕುಡಿದರೆ ವರ್ಷವಿಡೀ ಆರೋಗ್ಯ ಚೆನ್ನಾಗಿರುತ್ತದೆ ಅಂತ ಇಲ್ಲಿ ನಂಬಿಕೆ. ಅದರ ಹಿಂದೆ ರೈತರ ಲೆಕ್ಕವೂ ಇದೆ. ಅಷ್ಟು ಹೊತ್ತಿಗೆ ಚಿಗುರಿನ ಮೇಲೆ ಹೆಪ್ಪುಗಟ್ಟುವ ಮಂಜಿನ ಭಯ ಮುಗಿಯುತ್ತಾ ಬಂದಿರುತ್ತದೆ. ಇಲ್ಲಿನ ತೋಟಗಳಲ್ಲಿ ಎತ್ತರದ ಕಂಬಗಳ ಮೇಲೆ ಫ್ಯಾನ್‌ಗಳಿವೆ. ಚಳಿ ರಾತ್ರಿಗಳಲ್ಲಿ ಮೇಲಿನ ಬೆಚ್ಚಗಿನ ಗಾಳಿಯನ್ನು ಚಿಗುರಿನ ಕಡೆಗೆ ತಳ್ಳುವುದು ಅವುಗಳ ಕೆಲಸ. ಒಂದು ರಾತ್ರಿ ಮಂಜು ಬಿದ್ದರೆ ಇಡೀ ವರ್ಷದ ಶಿಂಚಾ ಸುಟ್ಟು ಹೋಗಬಹುದು.

ಇನ್ನು ಘಮ. ಆಗತಾನೆ ಕಿತ್ತ ಸೊಪ್ಪಿನ ತಾಜಾ ಹಸಿರು ವಾಸನೆ ಒಂದು. ಅದರ ಜೊತೆ ನೋರಿ, ಅಂದರೆ ಒಣಗಿಸಿದ ಕಡಲ ಪಾಚಿಯ ಹಾಳೆಯನ್ನು ನೆನಪಿಸುವ ಸಣ್ಣ ಸಿಹಿ ವಾಸನೆ ಇನ್ನೊಂದು. ಇದಕ್ಕೆ ಕಾರಣ ಡೈಮೀಥೈಲ್ ಸಲ್ಫೈಡ್ ಅನ್ನುವ ಸಂಯುಕ್ತ. ಎರಡೂ ಹಗುರ, ಬೇಗ ಹಾರಿಹೋಗುವಂಥವು. ಅದಕ್ಕೇ ಒಳ್ಳೆಯ ವ್ಯಾಪಾರಿ ಶಿಂಚಾವನ್ನು ಕೊನೆಯಲ್ಲಿ ಒಣಗಿಸುವಾಗ ಬೆಂಕಿ ಕಡಿಮೆ ಇಡುತ್ತಾನೆ. ಬೆಂಕಿ ಜಾಸ್ತಿಯಾದರೆ ಹುರಿದ ಘಮ ಬರುತ್ತದೆ. ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಹೊಸ ಎಲೆಯ ಘಮ ಅದರಡಿ ಮುಚ್ಚಿಹೋಗುತ್ತದೆ.

ಯಾವುದನ್ನು ಕೊಳ್ಳುವುದು

ಮೊದಲು ಕೇಳಬೇಕಾದದ್ದು ಎಲೆಯನ್ನು ಎಷ್ಟು ಹೊತ್ತು ಹಬೆಯಲ್ಲಿಟ್ಟಿದ್ದಾರೆ ಅಂತ. ಕಿತ್ತ ಎಲೆ ಕಪ್ಪಾಗದಂತೆ ತಡೆಯಲು ತಕ್ಷಣ ಹಬೆ ಕೊಡುತ್ತಾರೆ. ಸುಮಾರು 30 ಸೆಕೆಂಡ್ ಕೊಟ್ಟರೆ ಅದು ಅಸಾಮುಶಿ. ಎಲೆ ಉದ್ದಕ್ಕೆ, ಸೂಜಿ ಆಕಾರದಲ್ಲಿ, ಹೊಳಪಿನಿಂದ ಇರುತ್ತದೆ. ಒಂದು ನಿಮಿಷ ದಾಟಿದರೆ ಫುಕಾಮುಶಿ. ಎಲೆ ಮೆತ್ತಗಾಗಿ ಪುಡಿಯಾಗುತ್ತದೆ, ಬಟ್ಟಲಿನಲ್ಲಿ ಗಾಢ ಹಸಿರು ಬಣ್ಣ ಬರುತ್ತದೆ, ರುಚಿ ದುಂಡಗೆ ಇರುತ್ತದೆ. ಇಲ್ಲಿಂದ ಪಶ್ಚಿಮಕ್ಕಿರುವ ಕಾಕೆಗಾವಾ, ಮಾಕಿನೊಹಾರಾ ಕಡೆ ಫುಕಾಮುಶಿ ಹೆಚ್ಚು. ನಗರದ ಉತ್ತರಕ್ಕೆ ಆಬೆ ನದಿಯ ಮೇಲಿನ ಬೆಟ್ಟಗಳ ಹೊನ್ಯಾಮಾ ಚಹಾದಲ್ಲಿ ಕಡಿಮೆ ಹಬೆಯದೇ ಹಳೆಯ ಪದ್ಧತಿ.

ಘಮ ಬೇಕಾದವರು ಹೊನ್ಯಾಮಾ ಥರದ ಬೆಟ್ಟದ ಅಸಾಮುಶಿಯನ್ನೇ ಕೊಳ್ಳಿ ಅಂತ ನಾನು ಹೇಳುತ್ತೇನೆ. ಬೆಟ್ಟಗಳ ನಡುವೆ ಬಿಸಿಲು ಕಡಿಮೆ ಹೊತ್ತು ಬೀಳುತ್ತದೆ, ಬೆಳಗ್ಗೆ ನದಿಯಿಂದ ಮಂಜು ಏಳುತ್ತದೆ, ರಾತ್ರಿ ತಂಪು. ಎಲೆ ನಿಧಾನ ಬೆಳೆಯುತ್ತದೆ. ಹಬೆ ಕಡಿಮೆ ಕೊಟ್ಟಿದ್ದರಿಂದ ಘಮವೂ ಉಳಿದಿರುತ್ತದೆ. ಫುಕಾಮುಶಿಯನ್ನು ನಾನು ಕೀಳು ಮಾಡುತ್ತಿಲ್ಲ. ದಿನಾ ಕುಡಿಯಲು ಅದು ಬಹಳ ಒಳ್ಳೆಯದು, ಕೈ ತಪ್ಪಿದರೂ ಕೆಡುವುದಿಲ್ಲ. ಆದರೆ ಶಿಂಚಾವನ್ನು ಮೊದಲ ಸಲ ಸವಿಯುವವರಿಗೆ ಅಸಾಮುಶಿ ತೋರಿಸುವಷ್ಟು ಸ್ಪಷ್ಟವಾಗಿ ಅದು ತೋರಿಸುವುದಿಲ್ಲ.

ತಳಿಯ ಹೆಸರು ಪ್ಯಾಕೆಟ್ ಮೇಲೆ ಇದ್ದರೆ ಓದಿ. ಹೆಚ್ಚಾಗಿ ಯಾಬುಕಿತಾ ಅಂತ ಇರುತ್ತದೆ. 1908ರಲ್ಲಿ ಸುಗಿಯಾಮಾ ಹಿಕೊಸಾಬುರೊ ಅವರು ಇದೇ ಶಿಜುವೊಕಾದಲ್ಲಿ ಆರಿಸಿದ ಗಿಡ ಅದು. 1953ರಲ್ಲಿ ತಳಿಯಾಗಿ ನೋಂದಣಿಯಾಯಿತು. ಇವತ್ತಿಗೂ ಜಪಾನಿನ ಚಹಾ ತೋಟಗಳಲ್ಲಿ ಅದರದ್ದೇ ದೊಡ್ಡ ಪಾಲು. ಆ ಮೂಲ ಗಿಡ ಈಗಲೂ ಇದೆ, ಪ್ರಿಫೆಕ್ಚರ್‌ನ, ಅಂದರೆ ಇಲ್ಲಿನ ಪ್ರಾಂತ್ಯದ, ಕಲಾ ಮ್ಯೂಸಿಯಂ ಹತ್ತಿರ. ಶಿಜುವೊಕಾಗೆ ಬಂದವರು ಒಮ್ಮೆ ಹೋಗಿ ನೋಡಬೇಕು. ಒಂದು ಗಿಡದ ರೆಂಬೆಗಳಿಂದ ಇಷ್ಟು ದೊಡ್ಡ ಸಂತಾನ ಬಂದಿದೆಯಲ್ಲ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಯಾಬುಕಿತಾದಲ್ಲಿ ಘಮ, ಸಿಹಿ, ಒಗರು ಮೂರೂ ಅಳತೆಯಲ್ಲಿರುತ್ತವೆ. ಕಾಗೊಶಿಮಾದಲ್ಲಿ ಜನಪ್ರಿಯವಾದ ಸಾಎಮಿದೋರಿ ತಳಿಯಲ್ಲಿ ಒಗರು ಕಡಿಮೆ, ಬಣ್ಣ ಉಜ್ವಲ ಹಸಿರು. ಒಗರೆಂದರೆ ಮುಖ ಕಿವಿಚುವವರಿಗೆ ಅದು ಹಿಡಿಸುತ್ತದೆ. ಘಮದ ಹುಚ್ಚಿರುವವರು ಶಿಜುವೊಕಾದ ಕೋಶುನ್ ಅಥವಾ ಶಿಜು 7132 ಹುಡುಕಿ. ಎರಡನೆಯದರಲ್ಲಿ ಉಪ್ಪು ಹಾಕಿದ ಸಕುರಾ, ಅಂದರೆ ಚೆರ್ರಿ ಮರದ ಎಲೆಯ ವಾಸನೆ ಇರುತ್ತದೆ, ನಿಜವಾಗಿಯೂ.

ಬೆಲೆಯ ವಿಷಯ. ಋತುವಿನ ಮೊದಲ ದಿನಗಳ ಎಲೆ ತುಂಬಾ ದುಬಾರಿ. ದಿನ ಹೋದಂತೆ ಬೆಲೆ ಇಳಿಯುತ್ತದೆ. ಮೊದಲ ದಿನದ ಎಲೆ ಕೊಳ್ಳುವ ಸಡಗರ ನನಗೆ ಅರ್ಥವಾಗುತ್ತದೆ, ಆದರೆ ಮೇ ಮೊದಲ ವಾರದವರೆಗೆ ಕಾಯಿರಿ ಅಂತಲೇ ನನ್ನ ಸಲಹೆ. 100 ಗ್ರಾಂಗೆ 1000ದಿಂದ 1500 ಯೆನ್ ಕೊಟ್ಟರೆ ಪ್ರಾಮಾಣಿಕವಾದ ಶಿಂಚಾ ಸಿಗುತ್ತದೆ. ಒಬ್ಬರೇ ಕುಡಿಯುವುದಾದರೆ 50 ಗ್ರಾಂನ ಎರಡು ಚಿಕ್ಕ ಪ್ಯಾಕೆಟ್ ತಗೊಳ್ಳಿ. ದೊಡ್ಡದೊಂದು ಬೇಡ.

ಮೊದಲು ಕುದಿಯುವ ನೀರಿನಲ್ಲಿ ನೋಡಿ

ಈಗ ಬಹಳ ಜನ ಬಿಟ್ಟುಬಿಡುವ ಒಂದು ಕೆಲಸ. ನನಗೆ ಇದು ಇಡೀ ವಿಷಯದಲ್ಲೇ ಇಷ್ಟವಾದ ಭಾಗ.

ಜಪಾನಿನಲ್ಲಿ ಚಹಾ ಪರೀಕ್ಷೆ ಮಾಡುವವರು ನಾಜೂಕಾಗಿ ತಣಿಸಿದ ನೀರು ಬಳಸುವುದಿಲ್ಲ. ಬಿಳಿ ಪಿಂಗಾಣಿ ಬಟ್ಟಲಿಗೆ 3 ಗ್ರಾಂ ಎಲೆ ಹಾಕುತ್ತಾರೆ, ಅದರ ಮೇಲೆ 200 ಮಿಲಿಲೀಟರ್ ಕುದಿಯುವ ನೀರು ಸುರಿಯುತ್ತಾರೆ. ಕುದಿಯುವ ನೀರು ಎಲೆಯಲ್ಲಿರುವುದನ್ನೆಲ್ಲ ಹೊರಗೆ ತರುತ್ತದೆ, ಒಳ್ಳೆಯದನ್ನೂ ಕೆಟ್ಟದ್ದನ್ನೂ. 60 ಡಿಗ್ರಿ ನೀರಿನಲ್ಲಿ ಸಾಧಾರಣ ಎಲೆಯೂ ಸಿಹಿಯಾಗಿ ನಟಿಸಬಲ್ಲದು. ಕುದಿಯುವ ನೀರಿನೆದುರು ನಟನೆ ನಡೆಯುವುದಿಲ್ಲ. ಹೊಸ ಪ್ಯಾಕೆಟ್ ಒಡೆದಾಗ ನಾನು ಮೊದಲು ಇದನ್ನೇ ಮಾಡುತ್ತೇನೆ. ನಿಮಗೆ ಬೇಕಾದದ್ದು ಒಂದು ಬಿಳಿ ಬಟ್ಟಲು, ಅಡುಗೆಯ ಡಿಜಿಟಲ್ ತಕ್ಕಡಿ, ಒಂದು ಚಮಚ.

ನೀರು ಹಾಕುವ ಮೊದಲು ಒಣ ಎಲೆಯನ್ನು ಬಿಳಿ ತಟ್ಟೆಯ ಮೇಲೆ ಹರಡಿ, ಕಿಟಕಿಯ ಬೆಳಕಿನಲ್ಲಿ ನೋಡಿ. ಅಸಾಮುಶಿಯಾದರೆ ಸೂಜಿಗಳು ಬಿಗಿಯಾಗಿ, ಎಣ್ಣೆ ಸವರಿದಂಥ ಹೊಳಪಿನಿಂದ ಇರಬೇಕು. ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಭಾರ ಅನ್ನಿಸಬೇಕು. ಹಳದಿ ಚಪ್ಪಟೆ ತುಂಡುಗಳು ಜಾಸ್ತಿ ಇದ್ದರೆ ಬಲಿತ ಎಲೆ ಸೇರಿದೆ ಅಂತ ಅರ್ಥ. ತಿಳಿ ಬಣ್ಣದ ಕಡ್ಡಿಗಳು ಸ್ವಲ್ಪ ಇದ್ದರೆ ಚಿಂತೆಯಿಲ್ಲ, ಅವುಗಳಲ್ಲೂ ಸಿಹಿ ಇದೆ. ಬಿಸಿ ನೀರಿನಿಂದ ತೊಳೆದು ಒರೆಸಿದ ಬೆಚ್ಚಗಿನ ಬಟ್ಟಲಿಗೆ ಎಲೆ ಹಾಕಿ, ಕೈ ಮುಚ್ಚಿ ಒಂದು ಕ್ಷಣ ಬಿಟ್ಟು ಮೂಸಿ. ಹೊಸ ಎಲೆಯ ಘಮ ಇಲ್ಲಿಯೇ ಮೊದಲು ಸಿಗುತ್ತದೆ. ಈ ಹೊತ್ತಿನಲ್ಲಿ ಅವಸರ ಮಾಡಬೇಡಿ.

ಈಗ ಕುದಿಯುವ ನೀರು ಸುರಿಯಿರಿ. ಒಂದು ನಿಮಿಷದೊಳಗೆ ಚಮಚದಿಂದ ಎಲೆಯನ್ನು ಮೇಲಕ್ಕೆತ್ತಿ, ಮೂಗಿನ ಹತ್ತಿರ ತಂದು ಮೂಸಿ. ದೋಷಗಳು ಮೊದಲ ಉಸಿರಿನಲ್ಲೇ ತಿಳಿಯುತ್ತವೆ. ಹಸಿ ಹುಲ್ಲು ಕತ್ತರಿಸಿದಂಥ ಒರಟು ವಾಸನೆ ಬಂದರೆ ಹಬೆ ಸಾಕಾಗಿಲ್ಲ. ರಾಶಿ ಹಾಕಿ ಬೆವೆತ ಸೊಪ್ಪಿನ ವಾಸನೆ ಬಂದರೆ ಕಿತ್ತ ಎಲೆ ಬುಟ್ಟಿಯಲ್ಲಿ ಬಹಳ ಹೊತ್ತು ಕಾದಿದೆ. ಸೀದ ವಾಸನೆ ಬಂದರೆ ಒಣಗಿಸುವಾಗ ಬೆಂಕಿ ಮೀರಿದೆ. ಹಳೆಯ ಪೇಪರ್ ಥರದ ಮಂಕು ವಾಸನೆ ಇದ್ದರೆ ಎಲೆ ಹಳತಾಗಿದೆ ಅಥವಾ ಗಾಳಿಗೆ ಸಿಕ್ಕಿದೆ. ಇವು ಯಾವುವೂ ಇಲ್ಲದೆ, ಹಸಿರು ಮತ್ತು ನೋರಿಯ ಆ ಸಿಹಿ ವಾಸನೆ ಮಾತ್ರ ಬಂದರೆ ನಿಮ್ಮ ದುಡ್ಡು ಸರಿಯಾದ ಕಡೆ ಹೋಗಿದೆ.

ಮೂರು ನಾಲ್ಕು ನಿಮಿಷಕ್ಕೆ ಎಲೆ ತೆಗೆದುಬಿಡಿ. ಬಣ್ಣ ನೋಡಿ. ಹಸಿರು ಚಹಾ ಹಸಿರಾಗಿಯೇ ಇರಬೇಕು ಅಂದುಕೊಂಡವರಿಗೆ ಬೆಟ್ಟದ ಅಸಾಮುಶಿ ನಿರಾಸೆ ಮಾಡಬಹುದು. ಅದು ತಿಳಿಯಾಗಿ, ಹೊಂಬಣ್ಣಕ್ಕೆ ತಿರುಗಿದ ಹಳದಿ ಹಸಿರಾಗಿರುತ್ತದೆ. ಅದೇ ಸರಿ. ಕೆಂಪು ಛಾಯೆ ಕಂಡರೆ ಮಾತ್ರ ಅನುಮಾನ ಪಡಿ. ಮೇಲೆ ಸಣ್ಣ ಬಿಳಿ ಎಳೆಗಳು ತೇಲುತ್ತಿವೆಯಾ? ಧೂಳು ಅಂತ ಚೆಲ್ಲಬೇಡಿ. ಅದು ಎಳೆ ಚಿಗುರಿನ ರೋಮ. ಚಿಗುರು ಬಲಿತಂತೆ ಅದು ಉದುರಿಹೋಗುತ್ತದೆ. ಹಾಗಾಗಿ ಅದು ಕಂಡರೆ ಎಳೆಯದಾಗಿ ಕಿತ್ತ ಎಲೆ ಅನ್ನುವುದಕ್ಕೆ ಗುರುತು.

ಆಮೇಲೆ ಚಮಚದಿಂದ ಸ್ವಲ್ಪ ತಗೊಂಡು ಸದ್ದು ಮಾಡುತ್ತಾ, ಗಾಳಿಯ ಜೊತೆ ಹೀರಿ. ನಾಲಿಗೆಯ ತುಂಬಾ ಹರಡಲಿ. ಒಗರು ಖಂಡಿತ ಇರುತ್ತದೆ, ನೀರು ಕುದಿಯುತ್ತಿತ್ತಲ್ಲ. ನೋಡಬೇಕಾದದ್ದು ಅದು ಹೇಗೆ ಹೋಗುತ್ತದೆ ಅನ್ನುವುದು. ಒಳ್ಳೆಯ ಶಿಂಚಾದಲ್ಲಿ ಒಗರು ಬಂದು, ಹಿಡಿದು, ಬಿಟ್ಟುಬಿಡುತ್ತದೆ. ಅದರ ಹಿಂದೆ ಗಂಟಲಿನಿಂದ ಸಿಹಿ ತಿರುಗಿ ಬರುತ್ತದೆ. ಕೆಟ್ಟ ಎಲೆಯಲ್ಲಿ ಒಗರು ನಾಲಿಗೆಯ ಹಿಂಭಾಗಕ್ಕೆ ಅಂಟಿಕೊಂಡು ಕೂರುತ್ತದೆ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಆಗ ಎರಡನೇ ಸಲ ಘಮ ಬರುತ್ತದೆ. ಅದು ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನು ಗಮನಿಸಿ.

ಈ ಒಂದು ಬಟ್ಟಲಿನಿಂದ ಮುಂದೆ ಹೇಗೆ ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ಕುದಿಯುವ ನೀರಿನಲ್ಲೂ ಸಿಹಿಯಾಗಿದ್ದ ಎಲೆಗೆ ಧೈರ್ಯವಾಗಿ ಬಿಸಿ ನೀರು ಕೊಡಬಹುದು. ಒಗರು ಅಂಟಿಕೊಂಡರೆ ನೀರನ್ನು ಸ್ವಲ್ಪ ತಣಿಸಬೇಕು. ಪ್ಯಾಕೆಟ್ ಹಿಂದೆ ಬರೆದ ಡಿಗ್ರಿಗಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಚಹಾ ಮಾಡುವುದು

ಪಾತ್ರೆಯಿಂದ ಶುರು ಮಾಡೋಣ. ಜಪಾನಿನ ಕ್ಯೂಸುಗೆ ಹಿಡಿ ಪಕ್ಕದಲ್ಲಿರುತ್ತದೆ. ಬಲಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮುಚ್ಚಳ ಒತ್ತಿ, ಮಣಿಕಟ್ಟು ತಿರುಗಿಸಿದರೆ ಚಹಾ ಬೀಳುತ್ತದೆ. ಐಚಿ ಪ್ರಿಫೆಕ್ಚರ್‌ನ ತೊಕೊನಾಮೆಯಲ್ಲಿ ಮಾಡುವ ಕೆಂಪು ಮಣ್ಣಿನ ಕ್ಯೂಸು ಹೆಸರಾದದ್ದು. ಒಳಗಡೆ ಅದೇ ಮಣ್ಣಿನಲ್ಲಿ ಮಾಡಿದ ಸಣ್ಣ ತೂತುಗಳ ಜರಡಿ ಇರುವುದನ್ನು ಆರಿಸಿ. 200ರಿಂದ 250 ಮಿಲಿಲೀಟರ್ ಹಿಡಿಯುವುದು ಇಬ್ಬರಿಗೆ ಸರಿಯಾದ ಗಾತ್ರ. ಕ್ಯೂಸು ಇಲ್ಲದಿದ್ದರೆ ಮುಚ್ಚಳವಿರುವ ಚಿಕ್ಕ ಪಿಂಗಾಣಿ ಪಾತ್ರೆಯೂ ಆದೀತು. ಎಲೆ ಬಿಚ್ಚಿಕೊಳ್ಳಲು ಜಾಗ ಬೇಕು, ಪೂರ್ತಿ ಬಗ್ಗಿಸಲು ಬರಬೇಕು, ಅಷ್ಟೇ. ಗುಂಡಗಿನ ಚಿಕ್ಕ ಜಾಲರಿಯೊಳಗೆ ಎಲೆ ತುರುಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನೀರು ಮೆದುವಾಗಿರಬೇಕು. ಜಪಾನಿನ ನಲ್ಲಿ ನೀರು ಬಹುಮಟ್ಟಿಗೆ ಮೆದುವೇ. ಬಾಟಲಿ ನೀರು ಬಳಸುವುದಾದರೆ ಲೇಬಲ್ ನೋಡಿ, ಗಡಸುತನ ಲೀಟರಿಗೆ 100 ಮಿಲಿಗ್ರಾಂಗಿಂತ ಕೆಳಗಿರಲಿ. ಗಡಸು ನೀರಿನಲ್ಲಿ ಬಣ್ಣ ಮಂಕಾಗುತ್ತದೆ, ಘಮ ಏಳುವುದಿಲ್ಲ. ಎಷ್ಟು ಒಳ್ಳೆಯ ಎಲೆ ಹಾಕಿದರೂ ಅಷ್ಟೇ. ನಲ್ಲಿ ನೀರಾದರೆ ಕುದಿ ಬಂದ ಮೇಲೆ ಮುಚ್ಚಳ ತೆಗೆದು ಇನ್ನೂ ಕೆಲವು ನಿಮಿಷ ಕುದಿಸಿ, ಕ್ಲೋರಿನ್ ವಾಸನೆ ಹೋಗುತ್ತದೆ.

ನೀರಿನ ಬಿಸಿಗೆ ಥರ್ಮಾಮೀಟರ್ ಬೇಕಾಗಿಲ್ಲ. ಬಿಸಿ ನೀರನ್ನು ತಣ್ಣಗಿನ ಪಾತ್ರೆಗೆ ಒಂದು ಸಲ ಬಗ್ಗಿಸಿದರೆ ಸುಮಾರು 10 ಡಿಗ್ರಿ ಇಳಿಯುತ್ತದೆ. ಕೆಟಲ್‌ನಿಂದ ಕುಡಿಯುವ ಬಟ್ಟಲುಗಳಿಗೆ, ಅಲ್ಲಿಂದ ಇನ್ನೊಂದು ಪಾತ್ರೆಗೆ ಬಗ್ಗಿಸಿದರೆ 80ರ ಹತ್ತಿರ ಬಂದಿರುತ್ತದೆ. ಇದಕ್ಕೆಂದೇ ಯುಜಾಮಾಶಿ ಅನ್ನುವ ಮೂತಿಯಿರುವ ಬಟ್ಟಲು ಸಿಗುತ್ತದೆ. ಯಾವ ಪಿಂಗಾಣಿ ಲೋಟವೂ ಆ ಕೆಲಸ ಮಾಡುತ್ತದೆ. ನೀರನ್ನು ಮೊದಲು ಬಟ್ಟಲುಗಳಲ್ಲೇ ಅಳೆದರೆ ಎರಡು ಲಾಭ. ಅಳತೆ ಸರಿಯಾಗುತ್ತದೆ, ಬಟ್ಟಲೂ ಬೆಚ್ಚಗಾಗುತ್ತದೆ.

ಇಬ್ಬರಿಗೆ ನನ್ನ ಅಳತೆ ಹೀಗೆ. ಎಲೆ 5 ಗ್ರಾಂ. ನೀರು 160 ಮಿಲಿಲೀಟರ್, 80 ಡಿಗ್ರಿ. ಸಮಯ 40 ಸೆಕೆಂಡ್. ಎಲೆ ಕಮ್ಮಿ ಮಾಡಿ ಹೊತ್ತು ಜಾಸ್ತಿ ಬಿಡುವುದು ಉಳಿತಾಯ ಅನ್ನಿಸಬಹುದು. ಅದರಿಂದ ಒಗರು ಬರುತ್ತದೆ, ಘಮ ಬರುವುದಿಲ್ಲ. ಎಲೆ ಧಾರಾಳವಾಗಿ ಹಾಕಿ, ಬೇಗ ಬಗ್ಗಿಸಿ.

ನೀರು ಹಾಕಿ ಮುಚ್ಚಳ ಮುಚ್ಚಿದ ಮೇಲೆ ಕ್ಯೂಸುವನ್ನು ಮುಟ್ಟಬೇಡಿ. ಅಲ್ಲಾಡಿಸುವುದು, ಸುತ್ತಿಸುವುದು ಯಾವುದೂ ಬೇಡ. ಅಲ್ಲಾಡಿಸಿದರೆ ಒಗರು ಬೇಗ ಬಿಡುತ್ತದೆ, ಚಹಾ ಕಲಕಿಹೋಗುತ್ತದೆ. ಸೂಜಿಗಳು ಅರ್ಧದಷ್ಟು ಬಿಚ್ಚಿಕೊಂಡಿದ್ದರೆ ಸಾಕು. ಪೂರ್ತಿ ಬಿಚ್ಚುವವರೆಗೆ ಕಾದರೆ ಎರಡನೇ ಸಲಕ್ಕೆ ಏನೂ ಉಳಿಯುವುದಿಲ್ಲ.

ಬಗ್ಗಿಸುವಾಗ ಒಂದು ಬಟ್ಟಲನ್ನು ತುಂಬಿಸಿ ಇನ್ನೊಂದಕ್ಕೆ ಹೋಗಬೇಡಿ. ಮೊದಲು ಬರುವುದು ತೆಳು, ಕೊನೆಗೆ ಬರುವುದು ಗಟ್ಟಿ. ಒಂದಕ್ಕೆ ಸ್ವಲ್ಪ, ಎರಡನೆಯದಕ್ಕೆ ಸ್ವಲ್ಪ, ಮತ್ತೆ ಎರಡನೆಯದಕ್ಕೆ, ಆಮೇಲೆ ಒಂದಕ್ಕೆ, ಹೀಗೆ ಹೋಗಿ ಬಂದು ಮಾಡಿದರೆ ಎರಡೂ ಒಂದೇ ರುಚಿಯಾಗುತ್ತವೆ. ಮುಖ್ಯವಾದದ್ದು ಕೊನೆಯ ಹನಿ. ಪಾತ್ರೆಯನ್ನು ಪೂರ್ತಿ ಬಗ್ಗಿಸಿ ಹಿಡಿದು, ಹನಿ ನಿಲ್ಲುವವರೆಗೆ ಕಾಯಿರಿ. ಅತಿ ದಟ್ಟವಾದ ರುಚಿ ಆ ಹನಿಗಳಲ್ಲಿದೆ. ನೀರು ಒಳಗೆ ಉಳಿದರೆ ಎಲೆ ನೆನೆಯುತ್ತಲೇ ಇರುತ್ತದೆ, ಎರಡನೇ ಸಲದ ಚಹಾ ಕಹಿಯಾಗುತ್ತದೆ. ಎಲೆ ಸ್ವಲ್ಪ ನೀರು ಹೀರಿಕೊಳ್ಳುವುದರಿಂದ ಹಾಕಿದಷ್ಟು ಹೊರಗೆ ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಮುಗಿದ ಮೇಲೆ ಕ್ಯೂಸುವಿನ ಹಿಂಭಾಗ ತಟ್ಟಿ, ಜರಡಿಗೆ ಅಂಟಿದ ಎಲೆಯನ್ನು ಕೆಳಗೆ ಬೀಳಿಸಿ. ಮುಚ್ಚಳವನ್ನು ಸ್ವಲ್ಪ ಸರಿಸಿಡಿ. ಒಳಗಿನ ಬಿಸಿಯಲ್ಲಿ ಎಲೆ ಬೇಯಬಾರದಲ್ವಾ.

ಕುಡಿಯುವ ಮೊದಲು ಬಟ್ಟಲನ್ನು ಮೂಗಿನ ಹತ್ತಿರ ಹಿಡಿಯಿರಿ. ಈ 80 ಡಿಗ್ರಿಯ ಕೆಲಸವೆಲ್ಲ ಇದಕ್ಕಾಗಿಯೇ. ನನ್ನ ಮಾತು ನಂಬಬೇಕಾಗಿಲ್ಲ. ಅದೇ ಎಲೆ, ಅದೇ ಅಳತೆಯಲ್ಲಿ, ಪಕ್ಕದಲ್ಲಿ ಇನ್ನೊಂದು ಪಾತ್ರೆಯಲ್ಲಿ 65 ಡಿಗ್ರಿ ನೀರಿನಲ್ಲಿ 90 ಸೆಕೆಂಡ್ ಮಾಡಿ ನೋಡಿ. ಎರಡನೆಯದು ನಾಲಿಗೆಗೆ ದಪ್ಪಗೆ, ಸಿಹಿಯಾಗಿ ಇರುತ್ತದೆ. ಥಿಯಾನಿನ್ ಕಡಿಮೆ ಬಿಸಿಗೂ ಕರಗುತ್ತದೆ, ಕ್ಯಾಟೆಚಿನ್‌ಗೆ ಬಿಸಿ ಬೇಕು, ಹಾಗಾಗಿ ಒಗರು ಹಿಂದೆ ಉಳಿದಿರುತ್ತದೆ. ಆದರೆ ಬಟ್ಟಲಿನ ಮೇಲೆ ಘಮ ಎಷ್ಟಿದೆ ಹೋಲಿಸಿ ನೋಡಿ. ಅದು ಮೌನವಾಗಿರುತ್ತದೆ. ಮೊದಲನೆಯದರಲ್ಲಿ ಸ್ವಲ್ಪ ಒಗರು ಇದೆ, ನಿಜ. ಶಿಂಚಾದಲ್ಲಿ ಆ ಒಗರು ಇರಬೇಕು ಅನ್ನುವವನು ನಾನು. ಅದೇ ಚಹಾಕ್ಕೆ ಬೆನ್ನೆಲುಬು. ನಿಮಗೆ ಸಿಹಿಯೇ ಮುಖ್ಯವಾದರೆ 70 ಡಿಗ್ರಿ, 60 ಸೆಕೆಂಡ್‌ಗೆ ಹೋಗಿ, ತಪ್ಪೇನಿಲ್ಲ. ಎರಡನ್ನೂ ನೋಡದೆ ಆರಿಸಬೇಡಿ, ಅಷ್ಟೇ ನಾನು ಕೇಳುವುದು.

ಸಕ್ಕರೆ, ನಿಂಬೆ, ಜೇನು ಯಾವುದೂ ಬೇಡ. ಜೊತೆಗೆ ಏನಾದರೂ ಬೇಕಿದ್ದರೆ ಸಣ್ಣದೊಂದು ಸಿಹಿಯನ್ನು ಚಹಾಕ್ಕಿಂತ ಮೊದಲು ತಿನ್ನಿ. ಮೇ ಹೊತ್ತಿಗೆ ಇಲ್ಲಿ ಓಕ್ ಎಲೆಯಲ್ಲಿ ಸುತ್ತಿದ ಕಾಶಿವಾ ಮೊಚಿ ಸಿಗುತ್ತದೆ. ಅಕ್ಕಿ ಹಿಟ್ಟಿನದ್ದು, ಒಳಗೆ ಬೀನ್ಸ್ ಹೂರಣ. ಶಿಂಚಾಕ್ಕೆ ಅದಕ್ಕಿಂತ ಹೊಂದುವುದನ್ನು ನಾನು ತಿಂದಿಲ್ಲ. ರಾತ್ರಿ ಕುಡಿಯುವವರು ಎಚ್ಚರ. ಎಳೆ ಚಿಗುರಿನಲ್ಲಿ ಬಲಿತ ಎಲೆಗಿಂತ ಕೆಫೀನ್ ಜಾಸ್ತಿ.

ಎರಡನೇ ಸಲ ನೀರು ಇನ್ನೂ ಬಿಸಿಯಾಗಿರಲಿ, 85 ಅಥವಾ 90. ಆದರೆ ಎಲೆ ಆಗಲೇ ಬಿಚ್ಚಿಕೊಂಡಿದೆ. ಹತ್ತು ಸೆಕೆಂಡ್ ಸಾಕು. ನೀರು ಹಾಕಿ, ಮುಚ್ಚಿ, ಬಗ್ಗಿಸಿ. ಬಹಳ ಜನ ಇಲ್ಲಿ ಒಂದು ನಿಮಿಷ ಬಿಟ್ಟು ಚಹಾ ಕೆಡಿಸುತ್ತಾರೆ. ಬಣ್ಣ ಹೆಚ್ಚು ಹಸಿರಾಗಿ ಬರುತ್ತದೆ, ರುಚಿ ಚುರುಕಾಗುತ್ತದೆ. ಮೂರನೇ ಸಲ ಕುದಿಯುವ ನೀರೇ ಹಾಕಿ, ಅರ್ಧ ನಿಮಿಷ ಬಿಡಿ. ಆ ಬಟ್ಟಲು ಊಟದ ಜೊತೆಗೆ ಚೆನ್ನಾಗಿ ಹೋಗುತ್ತದೆ.

ಫುಕಾಮುಶಿ ತಂದಿದ್ದರೆ ಲೆಕ್ಕ ಬದಲಾಗುತ್ತದೆ. ಪುಡಿ ಎಲೆ ಬೇಗ ಬಿಡುತ್ತದೆ. 75 ಡಿಗ್ರಿ, 30 ಸೆಕೆಂಡ್ ಸಾಕು. ಎರಡನೇ ಸಲ ಕಾಯುವುದೇ ಬೇಡ. ಜರಡಿ ಕಟ್ಟಿಕೊಳ್ಳುತ್ತದೆ, ಹಾಗಾಗಿ ನಿಧಾನವಾಗಿ, ಒಂದೇ ಸಮನೆ ಬಗ್ಗಿಸಿ. ತಳದಲ್ಲಿ ಹಸಿರು ಮಡ್ಡಿ ಉಳಿಯುವುದು ಸಹಜ. ಬಟ್ಟಲನ್ನು ಅಲ್ಲಾಡಿಸಿ ಅದನ್ನೂ ಕುಡಿಯಿರಿ.

ತಣ್ಣೀರು, ಐಸ್

ಘಮಕ್ಕೆ ಬಿಸಿ ಬೇಕು ಅಂತ ಇಷ್ಟು ಹೇಳಿದ ಮೇಲೆ ತಣ್ಣೀರಿನ ಚಹಾ ಬಗ್ಗೆ ಬರೆಯುವುದು ಯಾಕೆ ಅನ್ನಿಸಬಹುದು. ಅದು ಬೇರೆಯೇ ಪಾನೀಯ. ಲೀಟರ್ ನೀರಿಗೆ 10 ಗ್ರಾಂ ಎಲೆ ಹಾಕಿ ಮೂರು ನಾಲ್ಕು ಗಂಟೆ ಫ್ರಿಜ್‌ನಲ್ಲಿಟ್ಟು ಸೋಸಿದರೆ ಸಿಹಿ, ಹಗುರವಾದ ಚಹಾ ಸಿಗುತ್ತದೆ. ತಣ್ಣೀರಿಗೆ ಕೆಫೀನ್ ಕಡಿಮೆ ಇಳಿಯುತ್ತದೆ. ಜೂನ್ ಮಳೆಗಾಲದ ಸೆಖೆಗೆ ಇದೇ ಸರಿ. ಸೋಸಿದ್ದನ್ನು ಅದೇ ದಿನ ಕುಡಿದು ಮುಗಿಸಿ. ಐಸ್‌ನಲ್ಲಿ ಮಾಡುವುದು ಇನ್ನೂ ಸುಲಭ. ಕ್ಯೂಸುವಿಗೆ 5 ಗ್ರಾಂ ಎಲೆ, ಮೇಲೆ ಐಸ್ ತುಂಡುಗಳು, ಕರಗುವವರೆಗೆ ಬಿಟ್ಟುಬಿಡಿ. ಬರುವುದು ಕೆಲವೇ ಗುಟುಕು. ಆದರೆ ಉಮಾಮಿ ಎಂಥದ್ದು ಅಂತ ಯಾರಿಗಾದರೂ ತೋರಿಸಬೇಕಿದ್ದರೆ ನಾನು ಇದನ್ನೇ ಕೊಡುತ್ತೇನೆ.

ಚಹಾ ಮುಗಿದ ಮೇಲೆ ಎಲೆಯನ್ನು ಎಸೆಯಬೇಡಿ. ಮೊದಲ ಕೊಯ್ಲಿನ ಎಲೆ ಎಷ್ಟು ಮೆತ್ತಗಿರುತ್ತದೆ ಅಂದರೆ ಹಾಗೇ ತಿನ್ನಬಹುದು. ನೀರು ಹಿಂಡಿ, ಮೇಲೆ ಸ್ವಲ್ಪ ಪೊನ್ಜು ಹಾಕಿ. ಅದು ಹುಳಿ ಹಣ್ಣಿನ ರಸ ಸೇರಿಸಿದ ಸೋಯಾ ಸಾಸ್. ಮೀನು ತಿನ್ನುವವರು ಒಣಗಿದ ಬೊನಿಟೊ ಮೀನಿನ ತೆಳು ಎಸಳುಗಳನ್ನು ಉದುರಿಸಿಕೊಳ್ಳಬಹುದು. ಬಿಸಿ ಅನ್ನದ ಜೊತೆ ಚೆನ್ನಾಗಿರುತ್ತದೆ. ಎರಡನೇ ಕೊಯ್ಲಿನ ಎಲೆಯಲ್ಲಿ ಇದನ್ನು ಮಾಡಲು ಹೋಗಬೇಡಿ, ನಾರು ಹಲ್ಲಿಗೆ ಸಿಗುತ್ತದೆ.

ಇಡುವುದು ಹೇಗೆ

ಬೆಳಕು, ಗಾಳಿ, ತೇವ, ಬಿಸಿ, ಪಕ್ಕದ ವಾಸನೆ, ಈ ಐದರಿಂದ ಎಲೆಯನ್ನು ದೂರ ಇಡಬೇಕು. ಒಡೆದ ಪ್ಯಾಕೆಟ್‌ನ ಗಾಳಿ ಒತ್ತಿ ತೆಗೆದು, ಬಾಯಿ ಮಡಿಸಿ ಕ್ಲಿಪ್ ಹಾಕಿ, ಬಿಗಿ ಮುಚ್ಚಳದ ತವರ ಡಬ್ಬಿಯೊಳಗೆ ಇಡಿ. ಒಲೆಯ ಹತ್ತಿರ ಬೇಡ. ಒಂದು ತಿಂಗಳೊಳಗೆ ಮುಗಿಸಿ. ಘಮ ಮಾತ್ರ ಎರಡು ವಾರಕ್ಕೇ ತಗ್ಗಿರುತ್ತದೆ.

ಒಡೆಯದ ಎರಡನೇ ಪ್ಯಾಕೆಟ್ ಫ್ರಿಜ್‌ನಲ್ಲಿರಲಿ. ಹೊರಗೆ ತೆಗೆದ ತಕ್ಷಣ ಕತ್ತರಿ ಹಾಕಬೇಡಿ. ತಣ್ಣಗಿನ ಎಲೆಗೆ ಕೋಣೆಯ ಗಾಳಿ ತಗುಲಿದರೆ ಮೇಲೆ ತೇವ ಕೂರುತ್ತದೆ, ಒಂದೇ ಗಳಿಗೆಯಲ್ಲಿ ಎಲೆ ಕೆಡುತ್ತದೆ. ರಾತ್ರಿಯೇ ತೆಗೆದು ಮೇಜಿನ ಮೇಲಿಟ್ಟು, ಬೆಳಗ್ಗೆ ಒಡೆಯಿರಿ. ಒಡೆದ ಪ್ಯಾಕೆಟ್ ಮತ್ತೆ ಫ್ರಿಜ್‌ಗೆ ಹೋಗಬಾರದು. ಎರಡು ವಾರ ಕಳೆದು ಘಮ ತಗ್ಗಿದೆ ಅನ್ನಿಸಿದಾಗ 80 ಡಿಗ್ರಿಯ ಹಟ ಬಿಟ್ಟು 70ಕ್ಕೆ ಇಳಿಯಿರಿ, ಹೊತ್ತನ್ನು ಒಂದು ನಿಮಿಷಕ್ಕೆ ಏರಿಸಿ. ಅಲ್ಲಿಂದ ಮುಂದೆ ಆ ಎಲೆಯಿಂದ ತೆಗೆಯಬೇಕಾದದ್ದು ಸಿಹಿ.